ಮೆದುಳಿನ ಗೆಡ್ಡೆಗೆ ಗಿಡದ ಮದ್ದು: ಕೊಂದರೆ ಸಾಲದು, ತಲುಪಬೇಕು

ಮನೆ ಕಾಂಪೌಂಡಿನ ಬದಿಯಲ್ಲಿ, ಗುಡಿಯ ಹಿಂದೆ, ರಸ್ತೆ ಮಧ್ಯದ ಡಿವೈಡರ್ ಮೇಲೆ, ಯಾರೂ ನೀರು ಹಾಕದಿದ್ದರೂ ವರ್ಷವಿಡೀ ಹೂ ಬಿಡುವ ಗಿಡ ನಿತ್ಯಪುಷ್ಪ. ಐದು ಎಸಳಿನ ಗುಲಾಬಿ ಇಲ್ಲವೇ ಬಿಳಿ ಹೂ. ಕೆಲವು ಕಡೆ ಕಾಶಿ ಕಣಗಿಲೆ ಅಂತಲೂ ಕರೆಯುತ್ತಾರೆ. ಇದರ ತವರು ಮಡಗಾಸ್ಕರ್. ಇದರ ಎಲೆಯಲ್ಲಿ ಸಿಕ್ಕ ವಿನ್‌ಕ್ರಿಸ್ಟೀನ್ ಎಂಬ ಮದ್ದನ್ನು ಮೆದುಳಿನ ಗೆಡ್ಡೆ ಇರುವ ಮಕ್ಕಳಿಗೆ ದಶಕಗಳಿಂದ ಕೊಡುತ್ತಿದ್ದಾರೆ.

ಹೀಗಾಗಿ ‘ಗಿಡಮೂಲಿಕೆಯಲ್ಲಿ ಬ್ರೈನ್ ಟ್ಯೂಮರ್‌ಗೆ ಮದ್ದು ಇದೆಯಾ’ ಅಂತ ಯಾರಾದರೂ ಕೇಳಿದರೆ ‘ಇದೆ’ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಅಷ್ಟಕ್ಕೇ ಮಾತು ನಿಲ್ಲಿಸಿದರೆ ಅನಾಹುತ. ಅರಿಶಿನ, ಅಶ್ವಗಂಧ, ಗ್ರೀನ್ ಟೀ, ದ್ರಾಕ್ಷಿ ಸಿಪ್ಪೆ, ಮರದರಿಶಿನ ಹೀಗೆ ಹತ್ತಾರು ಗಿಡಗಳಿಂದ ತೆಗೆದ ಅಂಶಗಳು ಲ್ಯಾಬಿನಲ್ಲಿ ಗೆಡ್ಡೆಯ ಕೋಶಗಳನ್ನು ಕೊಂದಿವೆ. ರೋಗಿಯ ತಲೆಯೊಳಗೆ ಅದೇ ಕೆಲಸ ಮಾಡಿ ತೋರಿಸಿದವು ಬೆರಳೆಣಿಕೆಯಷ್ಟು. ಲ್ಯಾಬಿಗೂ ತಲೆಗೂ ನಡುವೆ ಏನಾಗುತ್ತದೆ ಅನ್ನುವುದೇ ಇಲ್ಲಿನ ಅಸಲಿ ವಿಷಯ.

ಮೆದುಳಿನ ಗೆಡ್ಡೆ ಅಂದರೆ ಒಂದೇ ಕಾಯಿಲೆ ಅಲ್ಲ. ನೂರಕ್ಕೂ ಹೆಚ್ಚು ಬಗೆ ಇವೆ. ಕೆಲವು ವರ್ಷಗಟ್ಟಲೆ ಸುಮ್ನೆ ಇರುತ್ತವೆ. ಕೆಲವನ್ನು ಆಪರೇಷನ್ ಮಾಡಿ ತೆಗೆದರೆ ಮುಗಿಯಿತು. ದೊಡ್ಡವರಲ್ಲಿ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಜಾಸ್ತಿ ಕಾಣಿಸುವುದೂ, ಜಾಸ್ತಿ ಕಾಡುವುದೂ ಗ್ಲಿಯೋಬ್ಲಾಸ್ಟೋಮಾ. ಇದಕ್ಕೆ ಮೊದಲು ಆಪರೇಷನ್, ಆಮೇಲೆ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಎಂಬ ಕೀಮೋ ಕ್ಯಾಪ್ಸೂಲ್. ಈ ಕ್ರಮವನ್ನು ಗಟ್ಟಿ ಮಾಡಿದ ದೊಡ್ಡ ಅಧ್ಯಯನ ಬಂದದ್ದು 2005ರಲ್ಲಿ. ಬರೀ ರೇಡಿಯೇಷನ್ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ದಾಟಿದ್ದರು. ಕ್ಯಾಪ್ಸೂಲ್ ಸೇರಿದಾಗ ಅದು 14.6 ತಿಂಗಳಾಯಿತು. ಎರಡೂವರೆ ತಿಂಗಳ ಲಾಭ, ಅಷ್ಟೇ. ಅದನ್ನೇ ಜಗತ್ತಿನ ಆಸ್ಪತ್ರೆಗಳೆಲ್ಲ ಹಿಡಿದುಕೊಂಡವು. ಇಂಥ ಕಡೆ ಹೊಸ ಮದ್ದಿನ ಹಸಿವು ಎಷ್ಟಿರುತ್ತದೆ ಅಂತ ಊಹಿಸಬಹುದು. ಸುಳ್ಳು ಭರವಸೆಗಳೂ ಇಂಥ ಕಡೆಯೇ ಚೆನ್ನಾಗಿ ಬೆಳೆಯುತ್ತವೆ.

ಮೆದುಳಿನ ಬೇಲಿ

ಮೈಯ ಬೇರೆ ಕಡೆ ಇರುವ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಕೋಶಗಳ ನಡುವೆ ಸಂದು ಇರುತ್ತದೆ. ರಕ್ತದಲ್ಲಿರುವ ಮದ್ದು ಅಲ್ಲಿಂದ ನುಸುಳಿ ಅಂಗದೊಳಗೆ ಹೋಗುತ್ತದೆ. ಮೆದುಳಿನಲ್ಲಿ ಆ ಸಂದುಗಳೇ ಇಲ್ಲ. ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಒಳಗೆ ಹೋಗಬೇಕಾದರೆ ಕೋಶದ ಮೈಯನ್ನೇ ದಾಟಿ ಹೋಗಬೇಕು. ಹಾಗೆ ದಾಟಲು ಅಣು ಚಿಕ್ಕದಿರಬೇಕು, ಕೊಬ್ಬಿನಲ್ಲಿ ಕರಗಬೇಕು. ಕಷ್ಟಪಟ್ಟು ನುಗ್ಗಿದರೂ ಅಲ್ಲಿ ಪಂಪುಗಳಿವೆ. ಅವುಗಳಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬುದು ಮುಖ್ಯ. ಗೊತ್ತಿಲ್ಲದ ಅಣು ಕಂಡರೆ ಹಿಡಿದು ಮತ್ತೆ ರಕ್ತಕ್ಕೇ ತಳ್ಳಿಬಿಡುತ್ತದೆ.

ಯೋಚಿಸಿದರೆ ಇದು ನ್ಯಾಯವೇ. ಗಿಡಗಳು ಈ ಅಣುಗಳನ್ನು ತಯಾರಿಸುವುದು ನಮಗೆ ಮದ್ದಾಗಲಿ ಅಂತ ಅಲ್ಲ. ಹುಳ, ಶಿಲೀಂಧ್ರ, ಮೇಯುವ ಪ್ರಾಣಿ ದೂರ ಇರಲಿ ಅಂತ. ಊಟದ ಜೊತೆ ಬರುವ ಇಂಥ ವಿಷಗಳು ಮೆದುಳಿಗೆ ಹೋಗದಂತೆ ತಡೆಯುವುದು ಬೇಲಿಯ ಕೆಲಸ. ಗೆಡ್ಡೆ ಬಂದಾಗ ಅದೇ ಕೆಲಸ ನಮಗೆ ಅಡ್ಡ ಬರುತ್ತದೆ.

ಗೆಡ್ಡೆ ಇದ್ದ ಕಡೆ ಬೇಲಿ ಹರಿದಿರುತ್ತದಲ್ವಾ? ಹೌದು, ಆದರೆ ಎಲ್ಲ ಕಡೆ ಅಲ್ಲ. ಎಂಆರ್‌ಐ ಮಾಡುವಾಗ ಕೈಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುತ್ತಾರೆ. ಸ್ಕ್ಯಾನ್‌ನಲ್ಲಿ ಗೆಡ್ಡೆ ಬೆಳ್ಳಗೆ ಹೊಳೆಯುವುದು ಆ ಕಾಂಟ್ರಾಸ್ಟ್ ಹರಿದ ಬೇಲಿಯಿಂದ ಒಳಗೆ ಸೋರುವುದರಿಂದ. ಆ ಹೊಳೆಯುವ ಭಾಗವನ್ನು ಸರ್ಜನ್ ಹೇಗೂ ಆದಷ್ಟೂ ತೆಗೆಯುತ್ತಾರೆ. ಗ್ಲಿಯೋಬ್ಲಾಸ್ಟೋಮಾದ ಕೋಶಗಳು ಅದರಾಚೆ, ಚೆನ್ನಾಗಿರುವ ಮೆದುಳಿನ ನಡುವೆಯೂ ಹರಡಿಕೊಂಡಿರುತ್ತವೆ. ಅಲ್ಲಿ ಬೇಲಿ ಗಟ್ಟಿಯಾಗಿಯೇ ಇರುತ್ತದೆ. ಗೆಡ್ಡೆ ಮರಳಿ ಬಂದಾಗ ಬಹುಪಾಲು ಹಳೆಯ ಅಂಚಿನಿಂದ ಎರಡು ಸೆಂಟಿಮೀಟರ್ ಒಳಗೇ ಬರುವುದು ಇದಕ್ಕೇ. ಮದ್ದು ತಲುಪಬೇಕಾದದ್ದು ಹೊಳೆಯುವ ಜಾಗಕ್ಕಿಂತ ಹೆಚ್ಚಾಗಿ ಹೊಳೆಯದ ಜಾಗಕ್ಕೆ.

ಟೆಮೊಜೊಲೊಮೈಡ್ ಗೆದ್ದದ್ದೂ ಇಲ್ಲಿಯೇ. ಅದು ಗಿಡದ್ದಲ್ಲ, ಲ್ಯಾಬಿನಲ್ಲಿ ಕಟ್ಟಿದ ಅಣು. ತೂಕ 194 ಡಾಲ್ಟನ್ (ಅಣುಗಳ ತೂಕ ಹೇಳುವ ಅಳತೆ), ತೀರಾ ಚಿಕ್ಕದು. ನಿತ್ಯಪುಷ್ಪದ ವಿನ್‌ಕ್ರಿಸ್ಟೀನ್ 825 ಡಾಲ್ಟನ್. ಪೆಸಿಫಿಕ್ ಯೂ ಮರದ ತೊಗಟೆಯ ಪ್ಯಾಕ್ಲಿಟ್ಯಾಕ್ಸೆಲ್ 854. ಸ್ತನ ಕ್ಯಾನ್ಸರಿಗೆ ದಿನನಿತ್ಯ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್, ಲ್ಯಾಬಿನಲ್ಲಿ ಕೋಶ ಬೆಳೆಸುವ ತಟ್ಟೆಯಲ್ಲಿ ಗ್ಲಿಯೋಬ್ಲಾಸ್ಟೋಮಾ ಕೋಶಗಳನ್ನೂ ಚೆನ್ನಾಗಿ ಕೊಲ್ಲುತ್ತದೆ. ರಕ್ತಕ್ಕೆ ಕೊಟ್ಟರೆ ಮೆದುಳಿಗೆ ಹೋಗುವುದೇ ಇಲ್ಲ ಅನ್ನುವಷ್ಟು ಕಡಿಮೆ.

ತಟ್ಟೆಯ ಲೆಕ್ಕ, ತಲೆಯ ಲೆಕ್ಕ

ಅರಿಶಿನವನ್ನೇ ತೆಗೆದುಕೊಳ್ಳಿ. ಅದರ ಹಳದಿ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಪುಡಿಯ ತೂಕದಲ್ಲಿ ಅದು ನೂರಕ್ಕೆ ಮೂರರಷ್ಟು. ತಟ್ಟೆಯಲ್ಲಿ ಗೆಡ್ಡೆಯ ಕೋಶಗಳನ್ನು ಕೊಲ್ಲಲು ಸಾಮಾನ್ಯವಾಗಿ ಒಂದು ಲೀಟರ್ ದ್ರವಕ್ಕೆ ಏಳೆಂಟು ಮಿಲಿಗ್ರಾಂ ಕರ್ಕ್ಯುಮಿನ್ ಹಾಕುತ್ತಾರೆ. ಕೇಳಲು ಏನೂ ಅಲ್ಲ. ಆದರೆ ತಿಂದ ಕರ್ಕ್ಯುಮಿನ್ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಹೀರಿಕೆಯಾದದ್ದನ್ನು ಕರುಳಿನ ಗೋಡೆ ಮತ್ತು ಲಿವರ್ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ. ಗ್ರಾಂಗಟ್ಟಲೆ ನುಂಗಿದವರ ರಕ್ತದಲ್ಲೂ ಅದನ್ನು ಹುಡುಕಬೇಕಾಗುತ್ತದೆ.

ಜರ್ಮನಿಯಲ್ಲಿ ಇದನ್ನು ನೇರವಾಗಿಯೇ ಅಳೆದು ನೋಡಿದರು. 2016ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನ ಅದು. ಆಪರೇಷನ್‌ಗೆ ಬಂದ 13 ಗ್ಲಿಯೋಬ್ಲಾಸ್ಟೋಮಾ ರೋಗಿಗಳಿಗೆ, ಚೆನ್ನಾಗಿ ಹೀರಿಕೆಯಾಗಲಿ ಅಂತ ವಿಶೇಷವಾಗಿ ತಯಾರಿಸಿದ ಕರ್ಕ್ಯುಮಿನ್ ಅನ್ನು ನಾಲ್ಕು ದಿನ ಕೊಟ್ಟರು. ಹೊರತೆಗೆದ ಗೆಡ್ಡೆಯಲ್ಲಿ ಎಷ್ಟಿದೆ ಅಂತ ನೋಡಿದರು. ಸರಾಸರಿ ಒಂದು ಗ್ರಾಂ ಗೆಡ್ಡೆಯಲ್ಲಿ ಸುಮಾರು 56 ನ್ಯಾನೋಗ್ರಾಂ. ಅಂದರೆ ಒಂದು ಕಿಲೋಗೆ 0.056 ಮಿಲಿಗ್ರಾಂ. ತಟ್ಟೆಯಲ್ಲಿ ಬೇಕಾದ ಏಳೆಂಟು ಮಿಲಿಗ್ರಾಂ ಜೊತೆ ಹೋಲಿಸಿ. ನೂರು ಪಟ್ಟಿಗೂ ಜಾಸ್ತಿ ಅಂತರ. ತಲುಪಿತು ಅನ್ನುವುದು ನಿಜ, ಸಾಕಾಗುವಷ್ಟು ತಲುಪಲಿಲ್ಲ ಅನ್ನುವುದೂ ನಿಜ. ಮಾಮೂಲಿ ಅರಿಶಿನದ ಹಾಲಿನ ಲೆಕ್ಕ ಇನ್ನೆಲ್ಲಿಗೆ ಬರುತ್ತದೋ ನೀವೇ ನೋಡಿ.

ಕರ್ಕ್ಯುಮಿನ್‌ಗೆ ಇನ್ನೊಂದು ತೊಂದರೆ ಇದೆ. ಅದು ಲ್ಯಾಬಿನವರನ್ನೇ ಯಾಮಾರಿಸುತ್ತದೆ. ತಾನೇ ಹೊಳೆಯುವ ಹಳದಿ ಬಣ್ಣ ಅದು. ಬಣ್ಣ ಅಥವಾ ಹೊಳಪು ನೋಡಿ ಫಲಿತಾಂಶ ಹೇಳುವ ಪರೀಕ್ಷೆಗಳಲ್ಲಿ ಕೆಲಸ ಮಾಡದಿದ್ದರೂ ಮಾಡಿದಂತೆ ಕಾಣಿಸುತ್ತದೆ. ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ಈ ಅಣುವಿನ ಮೇಲಿನ ಕೆಲಸವನ್ನೆಲ್ಲ ಜಾಲಾಡಿ ಬರೆಯಿತು. ನೂರಕ್ಕೂ ಹೆಚ್ಚು ಕ್ಲಿನಿಕಲ್ ಪ್ರಯೋಗ ನಡೆದಿದ್ದರೂ, ರೋಗಿಗೂ ವೈದ್ಯರಿಗೂ ಯಾವುದು ಮದ್ದು ಯಾವುದು ಸುಳ್ಳುಮಾತ್ರೆ ಅಂತ ತಿಳಿಯದಂತೆ ನಡೆಸುವ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಇದು ಗೆದ್ದ ಉದಾಹರಣೆ ಇಲ್ಲ ಅನ್ನುವುದು ಅವರ ತೀರ್ಮಾನ. ಅರಿಶಿನ ಕಂಡರೆ ಕೈಮುಗಿಯುವ ನಮಗೆ ಇದು ಕಹಿ ಅನಿಸಬಹುದು.

ತಟ್ಟೆಯಲ್ಲಿರುವ ಕೋಶಗಳ ಕಥೆಯೂ ಕೇಳಬೇಕಾದ್ದೇ. ಗ್ಲಿಯೋಬ್ಲಾಸ್ಟೋಮಾ ಸಂಶೋಧನೆಯಲ್ಲಿ ಎಲ್ಲೆಲ್ಲೂ ಬಳಸುವ ಒಂದು ಕೋಶವಂಶಕ್ಕೆ ಯು87 ಎಂದು ಹೆಸರು. 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಒಬ್ಬ ರೋಗಿಯ ಗೆಡ್ಡೆಯಿಂದ ಬೆಳೆಸಿದ್ದು. 2016ರಲ್ಲಿ ಉಪ್ಸಾಲಾದವರೇ ಹಳೆಯ ಗೆಡ್ಡೆಯ ಡಿಎನ್‌ಎ ತೆಗೆದು ತಾಳೆ ನೋಡಿದರು. ಜಗತ್ತಿನ ಲ್ಯಾಬುಗಳಿಗೆ ಮಾರಾಟವಾಗುತ್ತಿರುವ ಯು87 ಆ ರೋಗಿಯದ್ದೇ ಅಲ್ಲ ಅಂತ ಗೊತ್ತಾಯಿತು! ಮೆದುಳಿನ ಕ್ಯಾನ್ಸರ್ ಕೋಶವೇ ಇರಬಹುದು, ಯಾರದ್ದು ಅನ್ನುವುದು ಮಾತ್ರ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ತೊಡಕು ಇಲಿಯಲ್ಲಿದೆ. ಎಷ್ಟೋ ಅಧ್ಯಯನಗಳಲ್ಲಿ ಈ ಕೋಶಗಳನ್ನು ಇಲಿಯ ಪಕ್ಕೆಯ ಚರ್ಮದ ಕೆಳಗೆ ಚುಚ್ಚಿ ಬೆಳೆಸುತ್ತಾರೆ. ಅಳೆಯಲು ಸುಲಭ ಅಂತ. ಚರ್ಮದ ಕೆಳಗೆ ಮೆದುಳಿನ ಬೇಲಿ ಎಲ್ಲಿಂದ ಬರಬೇಕು? ಆಮೇಲೆ ‘ಇಲಿಯಲ್ಲಿ ಮೆದುಳಿನ ಗೆಡ್ಡೆ ಕುಗ್ಗಿತು’ ಅಂತ ಸುದ್ದಿಯಾಗುತ್ತದೆ. ಇಂಥ ಸುದ್ದಿ ಓದಿದಾಗ ಗೆಡ್ಡೆ ಇದ್ದದ್ದು ಇಲಿಯ ತಲೆಯಲ್ಲೋ ಪಕ್ಕೆಯಲ್ಲೋ ಅಂತ ಮೊದಲು ನೋಡಿ. ಅರ್ಧ ಗಾಳಿ ಅಲ್ಲೇ ಇಳಿಯುತ್ತದೆ.

ದಾಟಿ ಬಂದವು

ಈಗ ನಿತ್ಯಪುಷ್ಪದ ವಿಷಯ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಅಂತ ಜನ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಆ ಎಲೆಗಳು ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರ ಕೈಗೆ ಬಂದವು. ಸಾರವನ್ನು ಪ್ರಾಣಿಗಳಿಗೆ ಕೊಟ್ಟರೆ ಸಕ್ಕರೆ ಅಂಶ ಇಳಿಯಲಿಲ್ಲ. ಬಿಳಿ ರಕ್ತಕಣಗಳು ಇಳಿದವು. ಹಾಗಾದರೆ ರಕ್ತದ ಕ್ಯಾನ್ಸರಿಗೆ ಯಾಕೆ ನೋಡಬಾರದು ಅಂತ ಹೊರಟಾಗ ವಿನ್‌ಬ್ಲಾಸ್ಟೀನ್ ಸಿಕ್ಕಿತು. ಅದೇ ಹೊತ್ತಿಗೆ ಅಮೆರಿಕದ ಎಲೈ ಲಿಲಿ ಕಂಪನಿಯೂ ಇದೇ ಗಿಡದ ಹಿಂದೆ ಬಿದ್ದಿತ್ತು. ವಿನ್‌ಕ್ರಿಸ್ಟೀನ್ ಸಿಕ್ಕಿದ್ದು ಅಲ್ಲಿ. 1963ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಕೋಶ ಎರಡಾಗುವಾಗ ಅದರ ವರ್ಣತಂತುಗಳನ್ನು ಎರಡೂ ಬದಿಗೆ ಎಳೆಯಲು ಪ್ರೋಟೀನಿನ ಸಣ್ಣ ಎಳೆಗಳು ಕಟ್ಟಿಕೊಳ್ಳುತ್ತವೆ. ವಿನ್‌ಕ್ರಿಸ್ಟೀನ್ ಆ ಎಳೆ ಕಟ್ಟಿಕೊಳ್ಳಲು ಬಿಡುವುದಿಲ್ಲ. ಕೋಶ ಅರ್ಧದಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ನರಗಳಿಗೂ ಇದೇ ಎಳೆಗಳು ಬೇಕು. ಅದಕ್ಕೇ ಈ ಮದ್ದು ಪಡೆದ ಮಕ್ಕಳಿಗೆ ಕೈಕಾಲು ಜೋಮು ಹಿಡಿಯುತ್ತದೆ, ಮಲಬದ್ಧತೆ ಆಗುತ್ತದೆ, ಕೆಲವರಿಗೆ ಹೆಜ್ಜೆ ಇಡುವಾಗ ಪಾದ ಎತ್ತಲಾಗುವುದಿಲ್ಲ. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಇದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಹೆಚ್ಚುಕಡಿಮೆ ಸಾವೇ ಗತಿ. ಹಾಗೆ ಆದದ್ದೂ ಉಂಟು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ, ಇದನ್ನು ಸಿರಿಂಜ್‌ನಲ್ಲಿ ಇಡಬೇಡಿ, ಸಣ್ಣ ಡ್ರಿಪ್ ಚೀಲದಲ್ಲಿ ಬೆರೆಸಿ ಕೊಡಿ ಅಂತ ಎಚ್ಚರಿಸಿತು. ‘ಗಿಡದ್ದು, ಸೈಡ್ ಎಫೆಕ್ಟ್ ಇಲ್ಲ’ ಅನ್ನುವವರಿಗೆ ಈ ಒಂದು ಮದ್ದಿನ ಕಥೆ ಸಾಕು. ಅಂದಹಾಗೆ ಒಂದು ಗ್ರಾಂ ವಿನ್‌ಕ್ರಿಸ್ಟೀನ್ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಆ ಎಲೆಯಲ್ಲಿ ಆಲ್ಕಲಾಯ್ಡ್ ಎಂಬ ಇದೇ ಜಾತಿಯ ಸಸ್ಯ ರಾಸಾಯನಿಕಗಳು ಇನ್ನೂ ನೂರಕ್ಕೂ ಹೆಚ್ಚು ಬಗೆಯವು ಇವೆ. ಮನೆಯಲ್ಲಿ ಕುದಿಸಿದ ಕಷಾಯದಲ್ಲಿ ಯಾವುದು ಎಷ್ಟಿರುತ್ತದೆ ಅಂತ ಯಾರೂ ಹೇಳಲಾರರು.

ಇಷ್ಟು ದೊಡ್ಡ ಅಣು ಬೇಲಿ ದಾಟುವುದು ಹೇಗೆ? ಪೂರ್ತಿ ದಾಟುವುದಿಲ್ಲ. ಅದಕ್ಕೇ ದೊಡ್ಡವರ ಗೆಡ್ಡೆಗಳಲ್ಲಿ ಇದರ ಪಾತ್ರದ ಬಗ್ಗೆ ಇವತ್ತಿಗೂ ವಾದ ಇದೆ. ನಿಧಾನವಾಗಿ ಬೆಳೆಯುವ ಗ್ಲಿಯೋಮಾಗಳಿಗೆ (ನರಕೋಶಗಳಿಗೆ ಆಸರೆಯಾಗುವ ಕೋಶಗಳ ಗೆಡ್ಡೆ) ಪ್ರೊಕಾರ್ಬಜೀನ್, ಲೊಮಸ್ಟೀನ್ ಎಂಬ ಕೀಮೋ ಮದ್ದುಗಳ ಜೊತೆ ಇದನ್ನೂ ಸೇರಿಸಿ ಕೊಟ್ಟಾಗ ಫಲ ದೊಡ್ಡದಿತ್ತು. 2016ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ರೇಡಿಯೇಷನ್ ಮಾತ್ರ ಪಡೆದವರ ಮಧ್ಯಮ ಆಯಸ್ಸು (ಅರ್ಧದಷ್ಟು ಜನ ದಾಟಿದ ಅವಧಿ) 7.8 ವರ್ಷ, ಈ ಮೂರು ಮದ್ದೂ ಸೇರಿದವರದ್ದು 13.3 ವರ್ಷ. ಆದರೆ ಆ ಗೆಲುವಿನಲ್ಲಿ ವಿನ್‌ಕ್ರಿಸ್ಟೀನ್ ಪಾಲೆಷ್ಟು? ಉಳಿದೆರಡರದ್ದೇ ಕೆಲಸ, ಜೋಮು ತರಿಸುವ ಇದನ್ನು ಬಿಟ್ಟರೂ ನಡೆಯುತ್ತದೆ ಅನ್ನುವ ವೈದ್ಯರಿದ್ದಾರೆ.

ಮಕ್ಕಳಲ್ಲಿ ಮಾತ್ರ ಚಿತ್ರ ಬೇರೆ. ಮೆಡುಲ್ಲೋಬ್ಲಾಸ್ಟೋಮಾ ಎಂಬ ಗೆಡ್ಡೆಯಲ್ಲಿ ನಾಲ್ಕು ಮುಖ್ಯ ಬಗೆ. ಅದರಲ್ಲಿ ಡಬ್ಲ್ಯುಎನ್‌ಟಿ ಅನ್ನುವ ಬಗೆಯ ಮಕ್ಕಳು ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಯಾಕೆ ಅಂತ 2016ರಲ್ಲಿ ಕ್ಯಾನ್ಸರ್ ವಿಜ್ಞಾನಿ ರಿಚರ್ಡ್ ಗಿಲ್ಬರ್ಟ್‌ಸನ್ ಅವರ ತಂಡ ಇಲಿಗಳಲ್ಲಿ ಹುಡುಕಿತು. ಈ ಬಗೆಯ ಗೆಡ್ಡೆ ತಾನೇ ಒಂದು ಸಂಕೇತವನ್ನು ಹೊರಬಿಟ್ಟು ಸುತ್ತಲಿನ ರಕ್ತನಾಳಗಳ ಬೇಲಿಯನ್ನು ಹಾಳು ಮಾಡಿಕೊಳ್ಳುತ್ತದೆ. ವಿನ್‌ಕ್ರಿಸ್ಟೀನ್ ಅಲ್ಲಿ ಧಾರಾಳವಾಗಿ ತುಂಬಿಕೊಳ್ಳುತ್ತದೆ. ಬೇಲಿ ಗಟ್ಟಿ ಇರುವ ಇನ್ನೊಂದು ಬಗೆಯ ಗೆಡ್ಡೆಗೆ ಅದೇ ಮದ್ದು ಹೋಗುವುದಿಲ್ಲ. ಮದ್ದು ಒಂದೇ, ಕಾಯಿಲೆಯ ಹೆಸರೂ ಒಂದೇ, ವ್ಯತ್ಯಾಸ ಬೇಲಿಯದ್ದು. ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸುವ ಪ್ರಯೋಗ ಇದು.

ಇನ್ನೆರಡು ಗಿಡಗಳನ್ನು ಬೇಗ ನೋಡಿಬಿಡೋಣ. ಹಿಮಾಲಯದಲ್ಲೂ ಉತ್ತರ ಅಮೆರಿಕದಲ್ಲೂ ಬೆಳೆಯುವ ಪೊಡೊಫಿಲಮ್ ಗಿಡದ ಬೇರಿನ ಅಂಶವನ್ನು ತಿದ್ದಿ ಮಾಡಿದ ಮದ್ದು ಎಟೊಪೊಸೈಡ್. ಹಾಗೇ ಕೊಟ್ಟರೆ ತೀರಾ ವಿಷವಾಗುತ್ತಿದ್ದ ಅಣುವನ್ನು ಸ್ವಿಟ್ಜರ್ಲೆಂಡಿನಲ್ಲಿ ರಾಸಾಯನಿಕವಾಗಿ ಬದಲಿಸಿದರು. ಮೆದುಳಿನ ಜರ್ಮ್ ಸೆಲ್ (ಅಂಡಾಣು, ವೀರ್ಯಾಣುಗಳಾಗುವ ಮೂಲಕೋಶಗಳಿಂದ ಹುಟ್ಟುವ) ಗೆಡ್ಡೆಗಳಿಗೆ ಇದು ಕೈಬಿಡಲಾಗದ ಮದ್ದು.

ಎರಡನೆಯದು ನಮ್ಮ ಘಟ್ಟಕ್ಕೆ ಸಂಬಂಧಿಸಿದ್ದು. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್‌ಬಾರ್ ಮೂಲದ ಮನ್ಸುಖ್ ವಾಣಿ ಚೀನಾದ ಒಂದು ಮರದಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ಕ್ಯಾಂಪ್ಟೊಥೆಸಿನ್ ಎಂಬ ಅಂಶ ಕಂಡುಹಿಡಿದರು. 1972ರಲ್ಲಿ ರಸಾಯನಶಾಸ್ತ್ರಜ್ಞರಾದ ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಅಂಶವನ್ನು ಪಶ್ಚಿಮ ಘಟ್ಟದ ನೋಥಪೊಡೈಟಿಸ್ ಮರದಲ್ಲಿ ಕಂಡರು. ಚೀನಾದ ಮರಕ್ಕಿಂತ ಇದರಲ್ಲೇ ಜಾಸ್ತಿ! ಆಮೇಲೆ ಆದದ್ದು ಗೊತ್ತೇ ಇದೆ. ಮರಗಳನ್ನು ಕಡಿದು ಸಾಗಿಸಿದರು, ಕಾಡಿನಲ್ಲಿ ಅದು ಅಪರೂಪವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು ಘಟ್ಟದ ಉದ್ದಕ್ಕೂ ಈ ಮರಗಳನ್ನು ಪರೀಕ್ಷಿಸಿದರು. ಮರದೊಳಗೆ ಬದುಕುವ ಶಿಲೀಂಧ್ರವೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಅಂತ ತೋರಿಸಿದರು. ಆದರೆ ಲ್ಯಾಬಿನಲ್ಲಿ ಮತ್ತೆ ಮತ್ತೆ ಬೆಳೆಸಿದಂತೆ ಅದರ ಇಳುವರಿ ಕುಗ್ಗುತ್ತಾ ಹೋಗುತ್ತದೆ. ಡಿಎನ್‌ಎ ಎಳೆ ಬಿಚ್ಚುವಾಗ ಹುರಿ ಹಗ್ಗದ ಹಾಗೆ ಮುಂದೆ ಮುಂದೆ ಗಂಟು ಬೀಳುತ್ತದೆ. ಆ ಗಂಟು ಸಡಿಲಿಸುವ ಕಿಣ್ವವನ್ನು ಕ್ಯಾಂಪ್ಟೊಥೆಸಿನ್ ಜಾತಿಯ ಮದ್ದುಗಳು ಕಟ್ಟಿಹಾಕುತ್ತವೆ. ಇದರಿಂದ ಬಂದ ಇರಿನೊಟಿಕ್ಯಾನ್ ಅನ್ನು ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾಗೆ, ಗೆಡ್ಡೆಯ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್ ಎಂಬ ಮದ್ದಿನ ಜೊತೆ ಕೊಟ್ಟು ನೋಡಿದರು. 2009ರ ಆ ಪ್ರಯೋಗದಲ್ಲಿ ಇರಿನೊಟಿಕ್ಯಾನ್ ಸೇರಿಸಿದ್ದರಿಂದ ಆಯಸ್ಸೇನೂ ಹೆಚ್ಚಾಗಲಿಲ್ಲ.

ಬೇರೆ ಬಾಗಿಲು

ಹಾಗಾಗಿ ಈಗ ಹೊಸ ಗಿಡ ಹುಡುಕುವುದಕ್ಕಿಂತ ದಾರಿ ಹುಡುಕುವುದರಲ್ಲೇ ಹೆಚ್ಚು ಜೀವ ಇದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 17 ಗ್ಲಿಯೋಬ್ಲಾಸ್ಟೋಮಾ ರೋಗಿಗಳ ತಲೆಬುರುಡೆಯಲ್ಲಿ ಒಂಬತ್ತು ಅಲ್ಟ್ರಾಸೌಂಡ್ ಬಿಂದುಗಳಿರುವ ಸಾಧನ ಕೂರಿಸಿದರು. ರಕ್ತಕ್ಕೆ ಅತಿಸಣ್ಣ ಗುಳ್ಳೆಗಳನ್ನು ಬಿಟ್ಟು ಅಲ್ಟ್ರಾಸೌಂಡ್ ಹಾಯಿಸಿದರೆ ಗುಳ್ಳೆಗಳು ಕಂಪಿಸಿ ರಕ್ತನಾಳದ ಗೋಡೆಯನ್ನು ಸ್ವಲ್ಪ ಹೊತ್ತು ಸಡಿಲಿಸುತ್ತವೆ. ಆಗ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟರು. ಮೆದುಳಿನಲ್ಲಿ ಅದರ ಪ್ರಮಾಣ 3.7 ಪಟ್ಟು ಏರಿತು. ಬೇಲಿ ಮೊದಲ ಒಂದು ಗಂಟೆಯಲ್ಲೇ ಬಹುಪಾಲು ಮುಚ್ಚಿಕೊಂಡಿತು. 2023ರಲ್ಲಿ ಪ್ರಕಟವಾದ ಈ ಕೆಲಸ ಸುರಕ್ಷತೆ ನೋಡುವ ಮೊದಲ ಹಂತದ್ದು. ಆಯಸ್ಸು ಹೆಚ್ಚುತ್ತದೆ ಅಂತ ಅದು ಹೇಳುವುದಿಲ್ಲ.

ಬ್ರೆಜಿಲ್‌ನವರು ಮೂಗಿನ ದಾರಿ ಹಿಡಿದರು. ಕಿತ್ತಳೆ ಸಿಪ್ಪೆ, ಲ್ಯಾವೆಂಡರ್ ಎಣ್ಣೆಗಳ ಬಳಗದ ಪೆರಿಲಿಲ್ ಆಲ್ಕೋಹಾಲ್ ಅನ್ನು ಹಿಂದೆ ಬಾಯಿಯಿಂದ ಕೊಟ್ಟಾಗ ಹೊಟ್ಟೆಗೆ ತಡೆಯಲಾಗಿರಲಿಲ್ಲ. ಅದನ್ನೇ ಆವಿ ಮಾಡಿ ದಿನಕ್ಕೆ ನಾಲ್ಕು ಸಲ ಮೂಗಿನಿಂದ ಎಳೆದುಕೊಳ್ಳುವಂತೆ ಮಾಡಿದರು. ವಾಸನೆಯ ನರಗಳ ಮೂಲಕ ಮೆದುಳು ತಲುಪಲಿ ಅನ್ನುವ ಲೆಕ್ಕ. ಅಮೆರಿಕದಲ್ಲೂ ಶುದ್ಧ ರೂಪದಲ್ಲಿ ಪ್ರಯೋಗ ನಡೆದಿದೆ. ಕುತೂಹಲ ಹುಟ್ಟಿಸುವಂಥದ್ದು, ಸಾಬೀತಾದದ್ದಲ್ಲ.

ಗಾಂಜಾದ ಅಂಶಗಳದ್ದು ಗದ್ದಲ ಜಾಸ್ತಿ. ಬ್ರಿಟನ್ನಿನಲ್ಲಿ 21 ರೋಗಿಗಳ ಪುಟ್ಟ ಪ್ರಯೋಗದಲ್ಲಿ ಟೆಮೊಜೊಲೊಮೈಡ್ ಜೊತೆ ಗಾಂಜಾ ಸ್ಪ್ರೇ ಪಡೆದವರು ಒಂದು ವರ್ಷ ದಾಟಿದ ಪ್ರಮಾಣ ಹೆಚ್ಚಿತ್ತು. 21 ಜನರಲ್ಲಿ ಇಬ್ಬರ ಅದೃಷ್ಟವೇ ಅಂಕಿ ತಿರುಗಿಸಬಲ್ಲದು. ಅದಕ್ಕೇ 2023ರಲ್ಲಿ ಅಲ್ಲಿ ದೊಡ್ಡ ಪ್ರಯೋಗ ಶುರುವಾಯಿತು.

ಇವುಗಳ ನಡುವೆ ನನಗೆ ಇಷ್ಟವಾಗುವುದು ಶಲ್ಲಕಿ. ಧೂಪಕ್ಕೆ ಹಾಕುವ ಅಂಟು. ಇದು ಗೆಡ್ಡೆ ಕೊಲ್ಲುತ್ತೇನೆ ಅಂತ ಹೊರಡಲಿಲ್ಲ. ಗೆಡ್ಡೆಯ ಸುತ್ತ ಮೆದುಳು ಊದಿಕೊಂಡು ತಲೆನೋವು, ವಾಂತಿ ಬರುತ್ತದೆ. ಅದಕ್ಕೆ ಸ್ಟೀರಾಯ್ಡ್ ಕೊಡುತ್ತಾರೆ. ಸ್ಟೀರಾಯ್ಡ್‌ನಿಂದ ಮುಖ ಊದುತ್ತದೆ, ಸಕ್ಕರೆ ಏರುತ್ತದೆ. ಜರ್ಮನಿಯಲ್ಲಿ ರೇಡಿಯೇಷನ್ ಪಡೆಯುತ್ತಿದ್ದ 44 ಜನರಲ್ಲಿ ಅರ್ಧ ಜನಕ್ಕೆ ದಿನಕ್ಕೆ 4,200 ಮಿಲಿಗ್ರಾಂ ಶಲ್ಲಕಿ ಸಾರ, ಉಳಿದವರಿಗೆ ಸುಳ್ಳುಮಾತ್ರೆ ಕೊಟ್ಟರು. ಊತ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದದ್ದು ಶಲ್ಲಕಿಯವರಲ್ಲಿ ನೂರಕ್ಕೆ 60, ಸುಳ್ಳುಮಾತ್ರೆಯವರಲ್ಲಿ ನೂರಕ್ಕೆ 26. ಫಲಿತಾಂಶ ಬಂದದ್ದು 2011ರಲ್ಲಿ. ಚಿಕ್ಕ ಅಧ್ಯಯನ, ಆದರೆ ಕೇಳಿದ ಪ್ರಶ್ನೆ ಸರಿಯಾಗಿತ್ತು.

ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದ್ದರೆ

‘ಹೇಗೂ ಕೀಮೋ ನಡೀತಿದೆ, ಜೊತೆಗೆ ಇದೂ ಇರಲಿ’ ಅನ್ನುವ ಮಾತು ಮುಗ್ಧವಾಗಿ ಕೇಳಿಸುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು, ಕಾಳುಮೆಣಸಿನ ಪೈಪರಿನ್ ಸೇರಿಸಿದರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು 20 ಪಟ್ಟು ಹೆಚ್ಚುತ್ತದೆ ಅಂತ ತೋರಿಸಿದರು. ಇವತ್ತು ಅಂಗಡಿಯಲ್ಲಿ ಸಿಗುವ ಎಷ್ಟೋ ಅರಿಶಿನದ ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇರುವುದು ಇದರಿಂದಲೇ. ಅದು ಕೆಲಸ ಮಾಡುವುದು ಲಿವರ್ ಮತ್ತು ಕರುಳಿನ ಕಿಣ್ವಗಳನ್ನು ನಿಧಾನ ಮಾಡಿ. ಆ ಕಿಣ್ವಗಳು ಬೇರೆ ಮಾತ್ರೆಗಳನ್ನೂ ಸಂಭಾಳಿಸುತ್ತಿರುತ್ತವೆ. ಫಿಟ್ಸ್ ಮಾತ್ರೆ ಅದರಲ್ಲಿ ಮುಖ್ಯ. ಅರಿಶಿನದ ಕ್ಯಾಪ್ಸೂಲ್‌ನಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ಅಮೆರಿಕ, ಇಟಲಿಗಳಲ್ಲಿ ದಾಖಲಾಗಿವೆ. ಸಾರಿಗೆ ಹಾಕುವ ಅರಿಶಿನದ ಮಾತಲ್ಲ ಇದು. ಉಲ್ಟಾ ಕೂಡ ಆಗುತ್ತದೆ. ಬೇಸರಕ್ಕೆ ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಮಾತ್ರೆಯಿಂದ ಇರಿನೊಟಿಕ್ಯಾನ್‌ನ ಕೆಲಸ ಮಾಡುವ ರೂಪ ರಕ್ತದಲ್ಲಿ ನೂರಕ್ಕೆ 42ರಷ್ಟು ಕುಸಿದದ್ದನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಅಳೆದಿದ್ದಾರೆ.

ಆದ್ದರಿಂದ ವೈದ್ಯರ ಬಳಿ ಹೋಗುವಾಗ ಪುಡಿ, ಲೇಹ್ಯ, ಕ್ಯಾಪ್ಸೂಲ್ ಏನೇ ಇದ್ದರೂ ಡಬ್ಬಿ ಸಮೇತ ತೆಗೆದುಕೊಂಡು ಹೋಗಿ. ಬರೀ ಹೆಸರು ಹೇಳಿದರೆ ಒಳಗೆ ಪೈಪರಿನ್ ಇದೆಯೋ ಇಲ್ಲವೋ ಅವರಿಗೆ ತಿಳಿಯುವುದಿಲ್ಲ. ಬೈದಾರು ಅಂತ ಮುಚ್ಚಿಡಬೇಡಿ.

ಯಾರಾದರೂ ಹೊಸ ಗಿಡಮದ್ದಿನ ‘ಟ್ರಯಲ್’ಗೆ ಸೇರಿ ಅಂತ ಕರೆದರೆ, ಅದರ ನೋಂದಣಿ ಸಂಖ್ಯೆ ಕೇಳಿ. ನಮ್ಮ ದೇಶದಲ್ಲಿ 2009ರಿಂದ ಕ್ಲಿನಿಕಲ್ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ಅದನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ಪುಕ್ಕಟೆಯಾಗಿ ನೋಡಬಹುದು. ಎಷ್ಟನೇ ಹಂತ, ಎಷ್ಟು ಜನ, ಯಾವುದರ ಜೊತೆ ಹೋಲಿಸುತ್ತಿದ್ದಾರೆ, ಯಾವ ಎಥಿಕ್ಸ್ ಸಮಿತಿ ಒಪ್ಪಿದೆ ಎಲ್ಲವೂ ಅಲ್ಲಿರುತ್ತದೆ. ಸಂಖ್ಯೆ ಇಲ್ಲ ಅಂದರೆ, ಅಥವಾ ಪ್ರಯೋಗದ ಮದ್ದಿಗೆ ನಿಮ್ಮಿಂದಲೇ ದುಡ್ಡು ಕೇಳಿದರೆ, ಅಲ್ಲಿಂದ ಎದ್ದು ಬನ್ನಿ.